ಕಬಿನಿ ಹಿನ್ನೀರಿನಲ್ಲಿ ವಲಸೆ ಹಕ್ಕಿಗಳ ಊಟದ ಹೊತ್ತು

ಈದ್ ಮುಗಿದ ಮೇಲೆ ನಮ್ಮ ಹುಣಸೂರಿನ ಅನೇಕ ಮನೆಗಳಲ್ಲಿ ಒಂದು ವಾಡಿಕೆ ಇದೆ. ಬಿರಿಯಾನಿ ಡಬ್ಬಿಗೆ ತುಂಬಿಕೊಂಡು, ಚಾಪೆ ಸುತ್ತಿಕೊಂಡು, ಮಕ್ಕಳು ಮರಿಗಳನ್ನು ಸಿಕ್ಕ ಗಾಡಿಗೆ ಹತ್ತಿಸಿಕೊಂಡು ನೀರಿರುವ ಕಡೆಗೆ ಹೋಗುವುದು. ಕೆ.ಆರ್.ನಗರದವರು ಕೆಆರ್‌ಎಸ್ ಹಿನ್ನೀರಿಗೆ, ಸಾಗರಕಟ್ಟೆಯ ಕಡೆಗೆ ಹೋಗುತ್ತಾರೆ. ಪಿರಿಯಾಪಟ್ಟಣದವರಿಗೆ ಕೊಪ್ಪದ ಹತ್ತಿರದ ಕಾವೇರಿ ಹೊಳೆ ಇದೆ. ನಮ್ಮ ಮನೆಯವರು ಎಚ್.ಡಿ.ಕೋಟೆ ದಾಟಿ ಕಬಿನಿ ಹಿನ್ನೀರಿಗೆ ಹೋಗುತ್ತೇವೆ.

2024ರಲ್ಲಿ ಈದುಲ್ ಫಿತ್ರ್ ಏಪ್ರಿಲ್ 11ರ ಗುರುವಾರ ಬಂತು. ಮಾರನೆಯ ದಿನ ಜುಮಾ ಇದ್ದುದರಿಂದ ಶನಿವಾರ ಹೊರಟೆವು. ಹಿಂದಿನ ಮುಂಗಾರು ಕೈಕೊಟ್ಟ ವರ್ಷ ಅದು. ನೀರು ಬಹಳ ಕೆಳಗಿಳಿದು, ಕೆರೆಯಂಗಳ ಅಗಲವಾಗಿ ಬಿಚ್ಚಿಕೊಂಡಿತ್ತು. ನೀರಿನ ಅಂಚಿನಲ್ಲಿ ಗುಬ್ಬಿಗಾತ್ರದ ಬೂದು ಹಕ್ಕಿಗಳು ನೂರಾರು. ನನ್ನ ತಮ್ಮನ ಮಕ್ಕಳು ಕೂಗುತ್ತಾ ಅವುಗಳ ಕಡೆಗೆ ಓಡಿದರು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು, ಒಂದೇ ಸಲ ತಿರುಗಿ, ಬಿಸಿಲಿಗೆ ಬೆಳ್ಳಗೆ ಮಿಂಚಿ, ಸುತ್ತು ಹೊಡೆದು ಮತ್ತೆ ಕೂತವು. ಮಕ್ಕಳು ಮತ್ತೆ ಓಡಿದರು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿದೆ. ಐದಾರು ಸಲ ಹೀಗಾದ ಮೇಲೆ ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. ನನ್ನನ್ನು ಸ್ಕೂಲು ಮೇಷ್ಟ್ರು ಎಂದು ಬಲ್ಲವರು. "ಮೇಷ್ಟ್ರೇ, ನೀವು ಊಟಕ್ಕೆ ಕುಂತಾಗ ಯಾರಾದ್ರೂ ಬಂದು ಬಂದು ಎಬ್ಬಿಸಿದ್ರೆ ಹೆಂಗಿರ್ತದೆ?" ಎಂದರು. ಬೈಗುಳವಲ್ಲ, ನಗುತ್ತಲೇ ಕೇಳಿದರು. ವಿಜ್ಞಾನ ಪಾಠ ಮಾಡುವ ನನಗೆ ಆ ಹಕ್ಕಿಗಳ ಹೆಸರೂ ಗೊತ್ತಿರಲಿಲ್ಲ, ಅವು ಊಟ ಮಾಡುತ್ತಿವೆ ಎಂಬುದೂ ತೋಚಿರಲಿಲ್ಲ.

ಆಮೇಲೆ ಓದಿದೆ, ಹಲವು ಬೆಳಗ್ಗೆ ಹೋಗಿ ಕೂತು ನೋಡಿದೆ. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈದ್ ಹತ್ತಿರ ಬರುವ ಮುಂಚೆ ಮನೆಯಲ್ಲಿ ಯಾರಾದರೂ ಓದಿ ಮಕ್ಕಳಿಗೆ ಹೇಳಲಿ ಎಂಬ ಆಸೆ.

ಮೊದಲು ನೀರಿನ ವಿಷಯ. ಈ ಜಾತಿಯ ಹಕ್ಕಿಗಳನ್ನು ದಡದ ಹಕ್ಕಿಗಳು ಎನ್ನಬಹುದು. ಇವುಗಳ ಹೆಸರಾಂತ ಊಟದ ಜಾಗ ಸಮುದ್ರ ತೀರ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಹಸಿ ಕೆಸರು ತೆರೆದುಕೊಳ್ಳುತ್ತದೆ. ಅದರಲ್ಲಿ ಹುಳ, ಸಿಗಡಿ ಮರಿ, ಚಿಪ್ಪಿನ ಜೀವಿಗಳು ತುಂಬಿರುತ್ತವೆ. ಹಕ್ಕಿಗಳು ಆ ಕೆಲವು ಗಂಟೆಗಳಲ್ಲಿ ತಿಂದು, ನೀರು ಏರಿದಾಗ ಎತ್ತರದ ಜಾಗದಲ್ಲಿ ಗುಂಪಾಗಿ ನಿಂತು ಕಾಯುತ್ತವೆ. ಚಂದ್ರನ ಲೆಕ್ಕದಲ್ಲಿ ತಿಂಗಳು ಎಣಿಸುವ ನಮಗೆ ಇದು ಅರ್ಥವಾಗುವುದು ಸುಲಭ. ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರನ ಸೆಳೆತ. ಹಿಜ್ರಿ ತಿಂಗಳು ಹುಟ್ಟುವ ಹೊತ್ತಿಗೆ, ಮತ್ತೆ 14-15ರ ಆಸುಪಾಸಿನಲ್ಲಿ, ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಕ್ಕಿಯ ಊಟದ ಹೊತ್ತೂ ಅದರ ಜೊತೆ ಸರಿಯುತ್ತದೆ. ಆದ್ದರಿಂದ ಸಮುದ್ರದಂಡೆಯಲ್ಲಿ ಅವು ರಾತ್ರಿಯೂ ಮೇಯುತ್ತವೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಲು ಕುಮಟಾ ಹತ್ತಿರದ ಅಘನಾಶಿನಿ ಅಳಿವೆ ಒಳ್ಳೆಯ ಜಾಗ. ಇಳಿತದಲ್ಲಿ ಅಲ್ಲಿನ ಜನ ಕೆಸರಿಗಿಳಿದು ಬಳಚು ಹೆಕ್ಕುತ್ತಾರೆ, ಅದೇ ಕೆಸರಿನಲ್ಲಿ ಹಕ್ಕಿಗಳೂ ಹೆಕ್ಕುತ್ತವೆ. 2024ರಲ್ಲಿ ಆ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಸಮುದ್ರವಿಲ್ಲ. ಆದರೆ ಉಬ್ಬರ ಇಳಿತ ಇದೆ, ವರ್ಷಕ್ಕೆ ಒಂದೇ ಸಲ! ಜೂನ್, ಜುಲೈಯಲ್ಲಿ ವಯನಾಡಿನಲ್ಲಿ ಮಳೆ ಹಿಡಿದರೆ ಕಬಿನಿ ತುಂಬುತ್ತದೆ. ಅದರ ಪೂರ್ಣ ಮಟ್ಟ 2284 ಅಡಿ. ಕೊಡಗಿನಲ್ಲಿ ಹಿಡಿದರೆ ಕೆಆರ್‌ಎಸ್ 124.80 ಅಡಿಗೆ ಏರುತ್ತದೆ. ಅದು ಉಬ್ಬರ. ಆಮೇಲೆ ಗದ್ದೆಗೆ, ಕುಡಿಯಲು, ಹೊಳೆಗೆ ಎಂದು ನೀರು ಬಿಡುತ್ತಾ ಬಿಡುತ್ತಾ ಬೇಸಿಗೆಯ ಕೊನೆಯವರೆಗೆ ಮಟ್ಟ ಇಳಿಯುತ್ತಲೇ ಇರುತ್ತದೆ. ಅದು ಇಳಿತ. ಕಬಿನಿ ಹಿನ್ನೀರಿನ ಅಂಚು ಬಹುಪಾಲು ಹಳೆಯ ಹೊಲ, ಹಾಡಿ, ಬಯಲು. ಇಳಿಜಾರು ತೀರ ಕಡಿಮೆ. ನೂರು ಅಡಿಗೆ ಒಂದಡಿ ಇಳಿಜಾರಿರುವ ಕಡೆ ನೀರು ಒಂದಡಿ ಇಳಿದರೆ ನೂರು ಅಡಿ ಅಗಲದ ಹೊಸ ಕೆಸರು ಹೊರಬರುತ್ತದೆ. ಮೈಲಿಗಟ್ಟಲೆ ದಡಕ್ಕೆ ಇದನ್ನು ಗುಣಿಸಿ ನೋಡಿ.

ಆದರೆ ಹಕ್ಕಿಗೆ ಆ ಇಡೀ ಬಯಲು ಉಪಯೋಗಕ್ಕೆ ಬರುವುದಿಲ್ಲ. ಮೂರು ನಾಲ್ಕು ದಿನ ಬಿಸಿಲು ಬಿದ್ದರೆ ಮೇಲ್ಪದರ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ, ಕೊಕ್ಕು ಇಳಿಯುವುದಿಲ್ಲ. ಹುಳಗಳೂ ಒಣಗುತ್ತವೆ, ಇಲ್ಲವೇ ಆಳಕ್ಕೆ ಹೋಗುತ್ತವೆ. ನೀರಿಗೆ ತಾಗಿದ ಹಸಿ ಪಟ್ಟಿ, ಕೆಲವು ಕಡೆ ನಾಲ್ಕು ಹೆಜ್ಜೆ ಅಗಲ, ಕೆಲವು ಕಡೆ ನಲವತ್ತು ಹೆಜ್ಜೆ, ಅಷ್ಟೇ ಅವುಗಳ ಹೊಲ. ನೀರು ಇಳಿದಂತೆ ಪಟ್ಟಿಯೂ ಸರಿಯುತ್ತದೆ, ಹಕ್ಕಿಯೂ ಅದರ ಹಿಂದೆ ಸರಿಯುತ್ತದೆ. ದಿನಾ ಬೆಳಿಗ್ಗೆ ಹೊಸ ದಸ್ತರ್‌ಖಾನ್ ಹಾಸಿದ ಹಾಗೆ. ದನ, ಎಮ್ಮೆ ನೀರಿಗೆ ಇಳಿದು ಹತ್ತಿದ ಜಾಗದಲ್ಲಿ ಗೊರಸಿನ ಗುಂಡಿಗಳಲ್ಲಿ ನೀರು ನಿಂತು, ಸಗಣಿ ಬಿದ್ದು, ಹುಳ ಇನ್ನೂ ಹೆಚ್ಚು. ಅಲ್ಲಿ ಹಕ್ಕಿಯೂ ಹೆಚ್ಚು. ದನ ಮೇಯಿಸುವವರಿಗೂ ಈ ಹಕ್ಕಿಗಳಿಗೂ ಜಗಳವಿಲ್ಲ ಎಂಬುದನ್ನು ನಾನು ಬಹಳ ಸಲ ನೋಡಿದ್ದೇನೆ. ಎಮ್ಮೆ ಪಕ್ಕದಲ್ಲೇ ನಡೆದರೂ ಅವು ಏಳುವುದಿಲ್ಲ. ಮನುಷ್ಯ ಓಡಿದರೆ ಏಳುತ್ತವೆ.

ಆ ಕೆಸರಿನಲ್ಲಿ ಏನಿದೆ? ಒಂದು ಹಿಡಿ ಹಸಿ ಕೆಸರನ್ನು ಚಹಾ ಸೋಸುವ ಜಾಲರಿಯಲ್ಲಿ ಹಾಕಿ ನೀರಲ್ಲಿ ಜಾಲಾಡಿಸಿದರೆ ಕೆಂಪು ದಾರದ ತುಂಡಿನಂಥ ಹುಳಗಳು ಉಳಿಯುತ್ತವೆ. ಸಂಜೆ ದೀಪದ ಸುತ್ತ ಮುತ್ತುವ, ಕಚ್ಚದ ಒಂದು ಬಗೆಯ ನೊರಜಿನ ಮರಿಗಳು ಇವು. ಕೆಂಪಗಿರುವುದಕ್ಕೆ ಕಾರಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್. ಕೆಸರಿನೊಳಗೆ ಆಮ್ಲಜನಕ ಕಡಿಮೆ, ಇದ್ದಷ್ಟನ್ನು ಹಿಡಿದಿಟ್ಟುಕೊಳ್ಳಲು ಅದು ಬೇಕು. ಇವುಗಳ ಜೊತೆ ಎರೆಹುಳದ ಜಾತಿಯ ಸಣ್ಣ ಹುಳಗಳು, ಪುಟ್ಟ ಬಸವನಹುಳುಗಳು, ನೀರಿನ ದುಂಬಿಗಳು. ಹಕ್ಕಿಗಳ ರಿಝ್ಕ್ ಇಷ್ಟೇ.

ಇನ್ನು ತಿನ್ನುವ ರೀತಿ. ಈ ಭಾಗ ನನಗೆ ಅತ್ಯಂತ ಇಷ್ಟವಾದದ್ದು. ಅರ್ಧ ಗಂಟೆ ಕೂತರೆ ಎಲ್ಲ ಬೂದು ಹಕ್ಕಿಗಳೂ ಒಂದೇ ಅಲ್ಲ ಎಂದು ಗೊತ್ತಾಗುತ್ತದೆ. ಬಣ್ಣ ನೋಡಿ ಗುರುತಿಸುವುದು ಕಷ್ಟ, ಊಟದ ರೀತಿ ನೋಡಿ ಗುರುತಿಸುವುದು ಸುಲಭ.

ಕತ್ತಿಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಬಳೆ ಇರುವ ದುಂಡು ತಲೆಯ ಪುಟ್ಟ ಹಕ್ಕಿ ಲಿಟ್ಲ್ ರಿಂಗ್ಡ್ ಪ್ಲೋವರ್. ಇದರ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಇದು ಕೆಸರಿಗೆ ಕೊಕ್ಕು ಚುಚ್ಚಿ ಹುಡುಕುವುದಿಲ್ಲ, ಕಣ್ಣಿನಿಂದ ಹುಡುಕುತ್ತದೆ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ನೋಡುತ್ತದೆ, ಒಂದೇ ಸಲ ಕುಕ್ಕುತ್ತದೆ. ಮತ್ತೆ ಓಟ. ಕೆಲವೊಮ್ಮೆ ಒಂದು ಕಾಲನ್ನು ಮುಂದಿಟ್ಟು ಹಸಿ ಕೆಸರಿನ ಮೇಲೆ ಗಡಗಡ ನಡುಗಿಸುತ್ತದೆ. ಮೊದಲ ಸಲ ನೋಡಿದಾಗ ಕಾಲಿಗೆ ಏನೋ ಆಗಿದೆ ಅಂದುಕೊಂಡಿದ್ದೆ. ನಡುಕಕ್ಕೆ ಕೆಸರಿನೊಳಗಿನ ಹುಳ ಮಿಸುಕುತ್ತದೆ, ಮಿಸುಕಿದ್ದು ಕಣ್ಣಿಗೆ ಬೀಳುತ್ತದೆ.

ನಾವು ಅಂದು ಓಡಿಸಿದ ಗುಂಪು ಲಿಟ್ಲ್ ಸ್ಟಿಂಟ್‌ಗಳದ್ದು. ಒಂದರ ತೂಕ ಸುಮಾರು 25 ಗ್ರಾಂ, ಅರ್ಧ ಕೋಳಿಮೊಟ್ಟೆಯಷ್ಟು. ಕಪ್ಪು ಕಾಲು, ಕಪ್ಪು ಕೊಕ್ಕು. ಇವು ನಿಲ್ಲುವುದೇ ಇಲ್ಲ. ತಲೆ ತಗ್ಗಿಸಿಕೊಂಡು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಟಕಟಕ ಕುಟ್ಟುತ್ತಾ ಅತ್ತಿತ್ತ ಓಡುತ್ತವೆ. ಅದೇ ಗಾತ್ರದ ಇನ್ನೊಂದು, ಟೆಮಿಂಕ್ಸ್ ಸ್ಟಿಂಟ್, ಹಳದಿ ಕಾಲಿನದು. ಅದು ಹುಲ್ಲಿನ ಅಂಚಿನಲ್ಲಿ, ಮಂಡಿ ಮಡಚಿದಂತೆ, ಇಲಿ ಹರಿದಾಡಿದ ಹಾಗೆ ನಿಧಾನವಾಗಿ ಮೇಯುತ್ತದೆ. ಆತುರಗಾರ, ಸಮಾಧಾನಿ ಎಂದು ನನ್ನ ಮಗಳು ಇವೆರಡಕ್ಕೆ ಹೆಸರಿಟ್ಟಿದ್ದಾಳೆ.

ಈ ಚಿಕ್ಕ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ. ಅವುಗಳಲ್ಲಿ ಸ್ಪರ್ಶ ತಿಳಿಯುವ ನರದ ತುದಿಗಳು. ಕತ್ತಲಲ್ಲಿ ನಾವು ಬೆರಳಿನಿಂದ ಬೀಗದ ಕೀಲಿ ಹುಡುಕಿದ ಹಾಗೆ ಈ ಹಕ್ಕಿಗಳು ಕಾಣದ ಕೆಸರಿನೊಳಗೆ ಕೊಕ್ಕಿನಿಂದ ಹುಡುಕುತ್ತವೆ. ಸಮುದ್ರದಂಡೆಯ ರೆಡ್ ನಾಟ್ ಎಂಬ ಹಕ್ಕಿ ಇನ್ನೂ ಮುಂದೆ ಹೋಗಿದೆ. ಒದ್ದೆ ಮರಳಿಗೆ ಕೊಕ್ಕು ಒತ್ತಿದಾಗ ಉಂಟಾಗುವ ಒತ್ತಡದಲ್ಲಿನ ವ್ಯತ್ಯಾಸದಿಂದಲೇ, ಮುಟ್ಟದೆಯೇ, ಪಕ್ಕದಲ್ಲಿ ಹೂತಿರುವ ಚಿಪ್ಪನ್ನು ಕಂಡುಕೊಳ್ಳುತ್ತದೆ. ಸ್ನೈಪ್ ಎಂಬ ಉದ್ದ ಕೊಕ್ಕಿನ ಹಕ್ಕಿ ನಮ್ಮ ಗದ್ದೆ ಬಯಲಿನ ಹುಲ್ಲಿನಲ್ಲಿ ಅಡಗಿರುತ್ತದೆ, ಕಾಲ ಬುಡದಿಂದ ಪುರ್ರೆಂದು ಎದ್ದಾಗಲೇ ಗೊತ್ತಾಗುವುದು. ಅದು ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ, ಕೊಕ್ಕಿನ ತುದಿಯನ್ನಷ್ಟೇ ತೆರೆಯಬಲ್ಲದು. ಬಾಯಿ ಮುಚ್ಚಿಕೊಂಡೇ ತುತ್ತು ಹಿಡಿಯುವ ಇಕ್ಕಳ.

ಸ್ವಲ್ಪ ಆಳದ ನೀರಿಗೆ ಕಣ್ಣು ಹಾಯಿಸಿದರೆ ಕೆಂಪು ಕಡ್ಡಿಯಂಥ ಉದ್ದ ಕಾಲಿನ, ಕಪ್ಪು ಬಿಳಿ ಮೈಯ ಮೆಟ್ಟುಗಾಲು ಹಕ್ಕಿ. ಇದು ನಮ್ಮ ದೇಶದಲ್ಲೇ ವರ್ಷವಿಡೀ ಕಾಣುವಂಥದ್ದು. ಅದರಾಚೆ ಗ್ರೀನ್‌ಶ್ಯಾಂಕ್, ಮೊಣಕಾಲುದ್ದ ನೀರಲ್ಲಿ ಮೀನುಮರಿಗಳ ಹಿಂದೆ ಅಂಕುಡೊಂಕಾಗಿ ಓಡುತ್ತದೆ. ದಡದ ಕಲ್ಲಿನ ಮೇಲೆ ಒಂಟಿಯಾಗಿ ಕೂತು ಬಾಲ ಕುಣಿಸುತ್ತಾ ನಡೆಯುವುದು ಕಾಮನ್ ಸ್ಯಾಂಡ್‌ಪೈಪರ್. ಹೊಳೆ ಪಕ್ಕದಲ್ಲಿ ಬೆಳೆದವರೆಲ್ಲ ಇದನ್ನು ನೋಡಿರುತ್ತಾರೆ, ಕುಂಡೆಕುಸ್ಕ ಎಂದುಕೊಂಡಿರುತ್ತಾರೆ. ಗದ್ದೆ, ಕೆರೆ ಅಂಚಿನಲ್ಲಿ ಮೈಮೇಲೆ ಬಿಳಿ ಚುಕ್ಕಿಗಳಿರುವುದು ವುಡ್ ಸ್ಯಾಂಡ್‌ಪೈಪರ್, ಹತ್ತಿರ ಹೋದರೆ ಕೀಚಲು ದನಿಯಲ್ಲಿ ಚಿಫ್ ಚಿಫ್ ಎಂದು ಕೂಗಿ ಇಡೀ ಕೆರೆಗೆ ಸುದ್ದಿ ಮುಟ್ಟಿಸುತ್ತದೆ.

ಹೀಗೆ ಒಂದೇ ಹಸಿ ಪಟ್ಟಿಯಲ್ಲಿ ಮೇಲ್ಪದರದ್ದು ಒಬ್ಬರಿಗೆ, ಅರ್ಧ ಅಂಗುಲ ಕೆಳಗಿನದು ಒಬ್ಬರಿಗೆ, ಎರಡಂಗುಲ ಕೆಳಗಿನದು ಇನ್ನೊಬ್ಬರಿಗೆ, ನೀರೊಳಗಿನದು ಮತ್ತೊಬ್ಬರಿಗೆ. ಕೊಕ್ಕಿನ ಉದ್ದ ಮತ್ತು ಕಾಲಿನ ಉದ್ದವೇ ಪಾಲು ಪಟ್ಟಿ. ಜಗಳವೇ ಇಲ್ಲ ಎಂದಲ್ಲ. ಪ್ಲೋವರ್‌ಗಳು ತಮ್ಮ ತಮ್ಮ ಜಾಗಕ್ಕೆ ಕಾದಾಡುವುದನ್ನು ನೋಡಿದ್ದೇನೆ. ಆದರೆ ಬೇರೆ ಬೇರೆ ಜಾತಿಯವು ಅಕ್ಕಪಕ್ಕ ಮೇಯುವುದೇ ಹೆಚ್ಚು.

ಇಷ್ಟು ಅವಸರದಲ್ಲಿ, ಇಷ್ಟು ಹೊತ್ತು ತಿನ್ನುವುದು ಏಕೆ ಎಂಬುದು ಮುಂದಿನ ಪ್ರಶ್ನೆ. ಉತ್ತರ ಅವುಗಳ ಊರಿನಲ್ಲಿದೆ. ಲಿಟ್ಲ್ ಸ್ಟಿಂಟ್ ಮೊಟ್ಟೆಯಿಡುವುದು ಉತ್ತರ ಧ್ರುವದ ಹತ್ತಿರ, ರಷ್ಯಾದ ಉತ್ತರ ತುದಿಯ ಮರಗಳಿಲ್ಲದ ಬಯಲಿನಲ್ಲಿ. ವುಡ್ ಸ್ಯಾಂಡ್‌ಪೈಪರ್ ಯುರೋಪ್, ಸೈಬೀರಿಯಾದ ಉತ್ತರದ ಜೌಗು ಕಾಡುಗಳಲ್ಲಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಸೊಳ್ಳೆ ನೊಣಗಳು ಲೆಕ್ಕವಿಲ್ಲದಷ್ಟು. ಮರಿಗಳು ಮೊಟ್ಟೆಯಿಂದ ಹೊರಬಂದ ದಿನವೇ ಎದ್ದು ನಡೆದು ತಾವೇ ಹೆಕ್ಕಿ ತಿನ್ನುತ್ತವೆ. ಆದರೆ ಆ ಬೇಸಿಗೆ ಎರಡು ತಿಂಗಳಷ್ಟೇ. ಆಗಸ್ಟ್ ಬರುವಷ್ಟರಲ್ಲಿ ದೊಡ್ಡವು ಹೊರಟುಬಿಡುತ್ತವೆ. ಮರಿಗಳು ಹಲವು ಜಾತಿಗಳಲ್ಲಿ ಆಮೇಲೆ, ತಂದೆ ತಾಯಿ ಜೊತೆಗಿಲ್ಲದೆ ಹೊರಡುತ್ತವೆ. ಎಂದೂ ಕಾಣದ ದಾರಿಯಲ್ಲಿ ಬಂದು ಎಂದೂ ಕಾಣದ ಎಚ್.ಡಿ.ಕೋಟೆಯ ಕೆರೆಯಲ್ಲಿ ಇಳಿಯುತ್ತವೆ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಇವುಗಳಿಂದ ದಿಕ್ಕು ತಿಳಿಯುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆ ಅರಿವನ್ನು ಅರ್ಧ ಮೊಟ್ಟೆ ತೂಕದ ಜೀವಕ್ಕೆ ಕೊಟ್ಟವನು ಯಾರು ಎಂಬುದು ಈ ಮಾಸಿಕದ ಓದುಗರಿಗೆ ನಾನು ಹೇಳಬೇಕಾದ್ದಲ್ಲ.

ದೂರ ಹಾರಲು ಇಂಧನ ಬೇಕು, ಅದು ಕೊಬ್ಬು. ತೂಕಕ್ಕೆ ತೂಕ ಹೋಲಿಸಿದರೆ ಅಕ್ಕಿ, ಗೋಧಿಯ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಬ್ಬಿನಲ್ಲಿದೆ. ಉರಿದಾಗ ಒಳಗೇ ಸ್ವಲ್ಪ ನೀರೂ ಹುಟ್ಟುತ್ತದೆ. ದೂರದ ಹಾರಾಟಕ್ಕೆ ಮುಂಚೆ ಕೆಲವು ಜಾತಿಗಳು ತಮ್ಮ ಮೈತೂಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತವೆ. ಹೊರಡುವ ಮುಂಚೆ ಹೊಟ್ಟೆ, ಕರುಳು ಕುಗ್ಗುತ್ತವೆ, ದಾರಿಯಲ್ಲಿ ಊಟವಿಲ್ಲದ ಮೇಲೆ ಆ ಭಾರ ಯಾಕೆ? ಇದಕ್ಕೆ ದಾಖಲಾದ ದೊಡ್ಡ ಉದಾಹರಣೆ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ದಡದ ಹಕ್ಕಿ. 2022ರ ಅಕ್ಟೋಬರ್‌ನಲ್ಲಿ ಬೆನ್ನಿಗೆ ಸಣ್ಣ ಉಪಗ್ರಹ ಸಾಧನ ಹೊತ್ತ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಹೊರಟು, ಎಲ್ಲೂ ಇಳಿಯದೆ, ಏನೂ ತಿನ್ನದೆ, 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. ಬಾತಿನ ಹಾಗೆ ಸಮುದ್ರದ ಮೇಲೆ ಇಳಿದು ಸುಧಾರಿಸಿಕೊಳ್ಳುವ ಹಕ್ಕಿಯಲ್ಲ ಅದು. ನಮ್ಮ ಸ್ಟಿಂಟ್‌ಗಳು ಅಷ್ಟು ದೂರವನ್ನು ಒಂದೇ ಉಸಿರಿಗೆ ಹಾರುವುದಿಲ್ಲ, ನಡುವೆ ಇಳಿಯುತ್ತವೆ. ಆದರೂ ಹಿಮಾಲಯ, ಮಧ್ಯ ಏಷ್ಯಾದ ಒಣ ನಾಡುಗಳನ್ನು ದಾಟಬೇಕು. ರೋಝಾ ಹಿಡಿಯುವವರಿಗೆ ಸಹರಿಯ ಬೆಲೆ ಗೊತ್ತು. ಮಾರ್ಚ್, ಏಪ್ರಿಲ್ ತಿಂಗಳು ಈ ಹಕ್ಕಿಗಳಿಗೆ ಸಹರಿಯ ಹೊತ್ತು.

ನಾನು ಈ ಲೇಖನ ಬರೆಯಲು ಕೂತದ್ದು ಈ ಕಾರಣಕ್ಕೇ. ಹಿಜ್ರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. 2024ರಲ್ಲಿ ಏಪ್ರಿಲ್ 11ಕ್ಕೆ ಬಂದ ಈದುಲ್ ಫಿತ್ರ್ 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಅಂದರೆ ಈ ಕೆಲವು ವರ್ಷ ನಮ್ಮ ಹಬ್ಬದ ಪ್ರವಾಸವೂ ಹಕ್ಕಿಗಳ ಕೊನೆಯ ಊಟವೂ ಒಂದೇ ವಾರಗಳಲ್ಲಿ, ಒಂದೇ ದಡದಲ್ಲಿ ಬೀಳುತ್ತಿವೆ. ನಾವಷ್ಟೇ ಅಲ್ಲ, ಬೇಸಿಗೆ ರಜೆಗೆ ಎಲ್ಲ ಸಮುದಾಯದವರೂ ಬರುತ್ತಾರೆ. ಒಂದು ಸಲ ಎಬ್ಬಿಸಿದರೆ ಹಕ್ಕಿ ಸಾಯುವುದಿಲ್ಲ. ಆದರೆ ಪ್ರತಿ ಸಲ ಎದ್ದಾಗಲೂ ಕೂಡಿಟ್ಟ ಕೊಬ್ಬು ಸ್ವಲ್ಪ ಖರ್ಚು, ಮೇಯುವ ನಿಮಿಷಗಳು ನಷ್ಟ. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಗುಂಪು ಜನ ಬಂದು ಹತ್ತತ್ತು ಸಲ ಎಬ್ಬಿಸಿದರೆ ಲೆಕ್ಕ ಬೇರೆಯಾಗುತ್ತದೆ. ಬೈಕ್, ಜೀಪನ್ನು ಹಸಿ ಅಂಗಳಕ್ಕೆ ಇಳಿಸುವುದಂತೂ ಊಟದ ಮೇಲೆಯೇ ಗಾಡಿ ಓಡಿಸಿದ ಹಾಗೆ.

ಇನ್ನೊಂದು ನಮಗೆ ತೋಚದ ವಿಷಯ ಎಂಜಲು. ಉಳಿದ ಮೂಳೆ, ಅನ್ನವನ್ನು ಅಲ್ಲೇ ಚೆಲ್ಲಿದರೆ ಪ್ರಾಣಿಗಳಾದರೂ ತಿನ್ನಲಿ ಎಂಬ ಒಳ್ಳೆಯ ಮನಸ್ಸು ನಮ್ಮದು. ಅದಕ್ಕೆ ಬರುವುದು ಬೀದಿನಾಯಿ, ಕಾಗೆ. ತಿಂದು ಮುಗಿಸಿದ ನಾಯಿ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಟಿಟ್ಟಿಭವೂ ಪುಟ್ಟ ಪ್ಲೋವರೂ ಮೊಟ್ಟೆಯಿಡುವುದು ಅದೇ ಬಯಲಿನ ಜಲ್ಲಿಕಲ್ಲಿನ ನಡುವೆ, ಬರೀ ನೆಲದ ಮೇಲೆ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಬಾಯಿ ಬಡಿದುಕೊಳ್ಳುತ್ತಿದ್ದರೆ ನೀವು ಮೊಟ್ಟೆಯ ಹತ್ತಿರ ಇದ್ದೀರಿ ಎಂದರ್ಥ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಬೇಕು.

ಇವನ್ನು ತಿನ್ನಬಹುದಾ ಎಂದು ಹುಡುಗರು ಕೇಳುತ್ತಾರೆ. ಹಲಾಲ್ ಹರಾಮಿನ ವಿಷಯ ಆಲಿಮರನ್ನು ಕೇಳಬೇಕಾದ್ದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ, ಆದ್ದರಿಂದ ಮಾತು ಅಲ್ಲಿಗೇ ಮುಗಿಯಿತು. ಹೀಗೆ ಕೇಳಿದ ಹುಡುಗರಿಗೆ ನಾನು ಸಲೀಂ ಅಲಿಯವರ ಕಥೆ ಹೇಳುತ್ತೇನೆ. 1896ರಲ್ಲಿ ಮುಂಬಯಿಯ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ. ಇಂಥ ಗುಬ್ಬಿಯನ್ನು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂದು ಮಾವನನ್ನು ಕೇಳಿದರು. ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲಾರ್ಡ್ ಎಂಬವರ ಹತ್ತಿರ ಕಳಿಸಿದರು. ಅಲ್ಲಿ ಸಾಲುಸಾಲಾಗಿ ಇಟ್ಟಿದ್ದ ಹಕ್ಕಿಗಳನ್ನು ಕಂಡ ಹುಡುಗ ಮುಂದೆ ಇಡೀ ಬದುಕನ್ನು ಹಕ್ಕಿಗೇ ಕೊಟ್ಟ. ಒಂದು ಹಲಾಲ್ ಪ್ರಶ್ನೆಯಿಂದ ಶುರುವಾದದ್ದು! 1939-40ರ ಸುಮಾರಿಗೆ ಅವರು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು. ರಂಗನತಿಟ್ಟನ್ನು ಪಕ್ಷಿಧಾಮ ಮಾಡುವಂತೆ ಅರಸರನ್ನು ಒಪ್ಪಿಸಿದವರೂ ಅವರೇ. ಆ ಸಮೀಕ್ಷೆಯ ಕಾಲಕ್ಕೆ ಕಬಿನಿ ಬರೀ ಹೊಳೆ. ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಹಕ್ಕಿಗಳ ಲೆಕ್ಕದಲ್ಲಿ ನಮ್ಮ ಈ ಕೆಸರು ಹೊಸ ಹೋಟೆಲು.

ಪಿರಿಯಾಪಟ್ಟಣದ ಓದುಗರಿಗಾಗಿ ಇನ್ನೊಂದು ಮಾತು. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನವರು ನೆಲೆಸಿರುವುದು ಗೊತ್ತೇ ಇದೆ. ಅದೇ ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ನಮ್ಮ ಜಿಲ್ಲೆಗೆ ಬರುತ್ತವೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಇದಕ್ಕೆ ಹೆಸರುವಾಸಿ. ಅವು ಕೆಸರಿನ ಹುಳ ತಿನ್ನುವುದಿಲ್ಲ, ಹುಲ್ಲು ಕಾಳು ತಿನ್ನುತ್ತವೆ, ಹಾಗಾಗಿ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ನೋಡಲು ಹೋಗುವವರಿಗೆ ಕೆಲವು ಮಾತು. ಫಜ್ರ್ ನಮಾಝ್ ಮುಗಿಸಿ ಹೊರಟರೆ ಹೊತ್ತು ಸರಿಯಾಗುತ್ತದೆ, ಬಿಸಿಲೇರಿದರೆ ಕಾವಿನಲ್ಲಿ ದೂರದ್ದೆಲ್ಲ ಕುದಿಯುವ ಹಾಗೆ ಕಾಣುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ನೀರಿನ ಅಂಚಿನಿಂದ ನೂರು ಹೆಜ್ಜೆ ದೂರದಲ್ಲಿ ಕೂತುಬಿಡಿ. ನಿಂತ ಮನುಷ್ಯನಿಗೆ ಹೆದರುವಷ್ಟು ಕೂತವನಿಗೆ ಹೆದರುವುದಿಲ್ಲ. ಹತ್ತು ನಿಮಿಷದಲ್ಲಿ ಅವೇ ಹತ್ತಿರ ಬರುತ್ತವೆ. ಎಂಟು ಪಟ್ಟಿನ ಒಂದು ದುರ್ಬೀನು ಇಡೀ ಮನೆಗೆ ಸಾಕು. ಈದ್‌ನ ಬಿಳಿ ಜುಬ್ಬಾ ಬೇಡ, ಹಳೆಯ ಮಾಸಲು ಬಟ್ಟೆ ಇರಲಿ. ಹಕ್ಕಿಗಳು ಮೇಯುವುದು ಬಿಟ್ಟು ತಲೆ ಎತ್ತಿ ನಿಂತರೆ ನೀವು ಹತ್ತಿರವಾದಿರಿ ಎಂದು ಲೆಕ್ಕ.

ಹಸಿ ಕೆಸರಿಗೆ ಮಕ್ಕಳನ್ನು ಬಿಡಲೇಬೇಡಿ. ಮೇಲೆ ಗಟ್ಟಿ ಕಂಡರೂ ಒಳಗೆ ಮೊಣಕಾಲು ಹೂತುಕೊಳ್ಳುತ್ತದೆ, ನೀರಿನೊಳಗೆ ಹಳೆಯ ಹೊಳೆಯ ಪಾತ್ರ ಎಲ್ಲಿದೆ ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ಕಬಿನಿಯ ಒಂದು ಬದಿ ನಾಗರಹೊಳೆ, ಇನ್ನೊಂದು ಬದಿ ಬಂಡೀಪುರ. ಕಾಡಿನ ಅಂಚಿಗೆ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ. ಬೇಸಿಗೆಯಲ್ಲಿ ಆನೆಗಳು ಹಿಂಡು ಹಿಂಡಾಗಿ ಆ ದಡಕ್ಕೆ ಬರುತ್ತವೆ. ಊರಿನ ಬದಿಯಲ್ಲೇ ಇರಿ, ಎಲ್ಲಿ ಕೂರಬಹುದು ಎಂದು ದನ ಮೇಯಿಸುವವರನ್ನು ಕೇಳಿ, ಮಧ್ಯಾಹ್ನದೊಳಗೆ ಹೊರಟುಬಿಡಿ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರಿನ ಕೆರೆ ಸಾಕು. ಹಕ್ಕಿಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಬಂದಿಳಿಯುವಾಗ ಕಬಿನಿ ತುಂಬಿರುತ್ತದೆ, ಅಲ್ಲಿ ಕೆಸರೇ ಇರುವುದಿಲ್ಲ. ಆಗ ಅವುಗಳನ್ನು ಸಾಕುವುದು ನಾಟಿಗೆ ಹದ ಮಾಡಿದ ಕೆ.ಆರ್.ನಗರದ ಭತ್ತದ ಗದ್ದೆಗಳು, ಹುಣಸೂರಿನ ಸಣ್ಣ ಕೆರೆಗಳ ಅಂಚು.

2025ರ ಈದ್ ಮುಗಿಸಿ ಏಪ್ರಿಲ್ 1ರಂದು ನಾವು ಅದೇ ಜಾಗಕ್ಕೆ ಹೋದೆವು. ಚಾಪೆಯನ್ನು ದಡದಿಂದ ಮೇಲೆ ಮರದ ನೆರಳಿಗೆ ಹಾಸಿದೆವು. ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ, ಕದಲದೆ ಕೂತು ಎಷ್ಟು ಹಕ್ಕಿ ಎಂದು ಎಣಿಸುವುದು. ತಮ್ಮನ ಮಗ 43 ಸ್ಟಿಂಟ್ ಎಂದ. ನನ್ನ ಮಗಳು 41 ಎಂದಳು, ಎರಡು ಆತುರಗಾರ ಅಲ್ಲ ಸಮಾಧಾನಿ ಎಂಬುದು ಅವಳ ವಾದ. ಎಮ್ಮೆಯವರು ನಮ್ಮ ಜೊತೆ ಕೂತು ಶೀರ್ ಕುರ್ಮಾ ಕುಡಿಯುತ್ತಾ ಇಬ್ಬರ ಜಗಳ ಕೇಳುತ್ತಿದ್ದರು. ಹಕ್ಕಿಗಳು ಆ ಬೆಳಿಗ್ಗೆ ಒಂದೇ ಸಲ ಎದ್ದವು, ಅದೂ ಗಿಡುಗ ಬಂದಾಗ.